ಮಾಳಿಗೆ ಒಬ್ಬರದು, ಬಿಲ್ಲು ಇನ್ನೊಬ್ಬರದು

ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ವಯಸ್ಸಾದ ಮನೆಮಾಲೀಕರ ಹತ್ತಿರ ಕರೆಂಟ್ ಬಿಲ್ಲಿನ ಮಾತು ತೆಗೆದು ನೋಡಿ. "ನಮ್ದು ಎ.ಇ.ಎಚ್. ಮೀಟರು ಕಣಪ್ಪ" ಅನ್ನೋ ಮಾತು ಬಂದರೂ ಬರಬಹುದು, ಅದೂ ಸ್ವಲ್ಪ ಹೆಮ್ಮೆಯಿಂದ. ನನ್ನ ವಾರಿಗೆಯವರಿಗೆ ಈ ಮೂರಕ್ಷರ ಅಷ್ಟಾಗಿ ಗೊತ್ತಿಲ್ಲ. ಆಲ್ ಎಲೆಕ್ಟ್ರಿಕ್ ಹೋಮ್ ಅಂತ ಅದರ ಅರ್ಥ. ದೀಪ ಅಷ್ಟೇ ಅಲ್ಲ, ಸ್ನಾನದ ನೀರು, ಅಡಿಗೆ ಕೂಡ ಕರೆಂಟಿನಲ್ಲೇ ನಡೆಯೋ ಮನೆ. ಕರ್ನಾಟಕ ವಿದ್ಯುತ್ ಮಂಡಳಿ, ಅಂದರೆ ನಮ್ಮೆಲ್ಲರ ಬಾಯಲ್ಲಿ ಇವತ್ತಿಗೂ ಉಳಿದಿರೋ 'ಕೆ.ಇ.ಬಿ.', ಇಂಥ ಮನೆಗಳನ್ನ ಪ್ರತ್ಯೇಕ ವರ್ಗವಾಗಿಯೇ ಇಟ್ಟಿತ್ತು.

ಆಗ ಎಲ್ಲವನ್ನೂ ಕರೆಂಟಿನಲ್ಲಿ ಮಾಡೋದು ಆಧುನಿಕ ಮನೆಯ ಲಕ್ಷಣ. ಈಗ ಕರೆಂಟು ಉಳಿಸೋದು ಜಾಣ ಮನೆಯ ಲಕ್ಷಣ. ಈ ಎರಡರ ನಡುವೆ ನಮ್ಮ ಸರಕಾರಗಳು ಮನೆಮಾಲೀಕರಿಗೆ ಏನೇನು ಆಸೆ ತೋರಿಸಿದವು, ಏನೇನು ಕಡ್ಡಾಯ ಮಾಡಿದವು ಅನ್ನೋ ಕಥೆ ಸ್ವಾರಸ್ಯವಾಗಿದೆ. ಬಾಡಿಗೆ ಮನೆ, ವಠಾರ, ಅಪಾರ್ಟ್‌ಮೆಂಟುಗಳ ವಿಷಯಕ್ಕೆ ಬಂದಾಗ ಈ ಆಸೆಗಳೆಲ್ಲ ಯಾಕೋ ಗುರಿ ತಪ್ಪುತ್ತವೆ. ಯಾಕೆ ಅಂತ ಹುಡುಕ್ತಾ ಹೋಗಿದ್ದರ ಫಲ ಈ ಪೋಸ್ಟು. ಸ್ವಲ್ಪ ಉದ್ದ ಇದೆ, ಚಹಾ ಇಟ್ಕೊಂಡು ಓದಿ :-)

ನೀರಿನ ಕರೆಂಟಿನ ಕಾಲ

ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ಕರೆಂಟು ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿಗೆ ಬಂದಿದ್ದು 1905ರಲ್ಲಿ. ಆಮೇಲೆ ಜೋಗ, 1964ರಲ್ಲಿ ಶರಾವತಿ. 1985ರಲ್ಲಿ ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಶುರುವಾಗೋ ತನಕ ನಮ್ಮ ರಾಜ್ಯ ಹೆಚ್ಚುಕಡಿಮೆ ಪೂರ್ತಿ ನೀರಿನ ಕರೆಂಟಿನ ಮೇಲೇ ನಡೀತು. ಅಣೆಕಟ್ಟು ತುಂಬಿದ್ರೆ ಕರೆಂಟು ಅಗ್ಗ, ಮಳೆ ಕೈಕೊಟ್ಟರೆ ಕತ್ತಲು.

ನಮ್ಮ ಮಹಾಲಿಂಗಪುರದ ಕಥೆ ಬೇರೆ. ಅದು ಮೈಸೂರು ಸಂಸ್ಥಾನದ ಊರಲ್ಲ, ಘೋರ್ಪಡೆಯವರ ಮುಧೋಳ ಸಂಸ್ಥಾನಕ್ಕೆ ಸೇರಿದ್ದು. 1948ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿ, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಬೆಲ್ಲದ ಪೇಟೆ, ಮಗ್ಗದ ಊರು. ನಮ್ಮ ಅಜ್ಜಿಯ ಕಾಲಕ್ಕೆ ಮನೆಯಲ್ಲಿ ಕರೆಂಟು ಅಂದರೆ ಪಡಸಾಲ್ಯಾಗೊಂದು, ಅಡಿಗಿಮನ್ಯಾಗೊಂದು ಬಲ್ಬು, ಅಷ್ಟೇ. ಜಳಕದ ನೀರು ಹಂಡೇದಾಗ ಕಟ್ಟಿಗಿ ಮ್ಯಾಲೆ ಕಾಯ್ತಿತ್ತು. ಬೆಂಗಳೂರು ಬಾಯ್ಲರ್ ಹಚ್ಚಿಕೊಂಡ ಕಾಲಕ್ಕೆ ನಮ್ಮೂರು ಬಲ್ಬು ಹಚ್ಚಿಕೊಂಡಿತ್ತು ಅಂದರೆ ತಪ್ಪಲ್ಲ. ಒಂದೇ ಕೆ.ಇ.ಬಿ., ಆದರೆ ಅಗ್ಗದ ಕರೆಂಟಿನ ಸುಖ ಸಿಕ್ಕಿದ್ದು ಗೀಸರ್ ಕೊಳ್ಳೋ ತಾಕತ್ತು ಇದ್ದವರಿಗೆ.

ಲೆಕ್ಕವನ್ನ ತಿರುಗಿಸಿ ಹಾಕಿದ ಮೇಷ್ಟ್ರು

ಎಂಬತ್ತರ ದಶಕದಲ್ಲಿ ಕರೆಂಟಿನ ಬರ ಬಂತು. 1987ರಲ್ಲಿ ರಾಜ್ಯದ ವಿದ್ಯುತ್ ಯೋಜನೆಗಳ ದೀರ್ಘಾವಧಿ ಸಮಿತಿಯೊಂದು ವರದಿ ಕೊಟ್ಟಿತು. 2000ನೇ ಇಸವಿಗೆ ಕರ್ನಾಟಕಕ್ಕೆ ಸುಮಾರು 9,400 ಮೆಗಾವ್ಯಾಟ್ ಬೇಕು, ಅದಕ್ಕೆ ಇಷ್ಟಿಷ್ಟು ಸ್ಥಾವರ ಕಟ್ಟಬೇಕು ಅಂತ.

ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನ ಪ್ರೊಫೆಸರ್ ಅಮೂಲ್ಯ ರೆಡ್ಡಿ (1930-2006) ಈ ಲೆಕ್ಕ ಒಪ್ಪಲಿಲ್ಲ. ಹಳ್ಳಿಗಳಿಗಾಗಿ ತಂತ್ರಜ್ಞಾನ ಅಂತ 1974ರಲ್ಲಿ ಅದೇ ಸಂಸ್ಥೆಯಲ್ಲಿ 'ಅಸ್ತ್ರ' ಕೇಂದ್ರ ಕಟ್ಟಿದವರು ಅವರು. ಹೊಗೆ ಕಡಿಮೆ ಮಾಡೋ ಅಸ್ತ್ರ ಒಲೆ ನೆನಪಿರಬಹುದು ನಿಮಗೆ. ರೆಡ್ಡಿಯವರ ವಾದ ಸರಳ. ಜನಕ್ಕೆ ಬೇಕಾಗಿರೋದು ಯೂನಿಟ್ ಅಲ್ಲ. ಬೆಳಕು ಬೇಕು, ಬಿಸಿನೀರು ಬೇಕು, ಹೊಲಕ್ಕೆ ನೀರು ಬೇಕು. ಅದೇ ಬೆಳಕನ್ನ ಕಡಿಮೆ ಯೂನಿಟ್ಟಿನಲ್ಲಿ ಕೊಡೋಕಾದರೆ ಆ ಉಳಿತಾಯವೂ ಒಂದು ವಿದ್ಯುತ್ ಸ್ಥಾವರವೇ.

1991ರಲ್ಲಿ ಅವರೂ ಅವರ ಸಂಗಡಿಗರೂ 'ಡಿಫೆಂಡಸ್' ಅನ್ನೋ ಪರ್ಯಾಯ ಯೋಜನೆ ಪ್ರಕಟಿಸಿದರು. ಬಲ್ಬಿನ ಬದಲು ಕಡಿಮೆ ಕರೆಂಟಿನ ದೀಪ, ಗೀಸರ್ ಬದಲು ಸೋಲಾರ್, ಕರೆಂಟ್ ಒಲೆ ಬದಲು ಗ್ಯಾಸು, ಒಳ್ಳೇ ಪಂಪ್‌ಸೆಟ್ಟು. ಜೊತೆಗೆ ರಾಜ್ಯದ ಎಲ್ಲ ಮನೆಗೂ ಕರೆಂಟು. ಇಷ್ಟಾದ ಮೇಲೂ 9,400 ಮೆಗಾವ್ಯಾಟ್ ಬೇಕಿಲ್ಲ, ಸುಮಾರು 4,000 ಸಾಕು ಅನ್ನೋದು ಅವರ ಲೆಕ್ಕ. ಅವರ ಕೋಷ್ಟಕಗಳಲ್ಲಿ ಮನೆಗಳನ್ನ ಎ.ಇ.ಎಚ್., ಎ.ಇ.ಎಚ್. ಅಲ್ಲದ್ದು ಅಂತಲೇ ವಿಂಗಡಿಸಿದ್ದಾರೆ. ಕೆ.ಇ.ಬಿ. ಒಂದು ಕಾಲಕ್ಕೆ ಮಾದರಿ ಅಂದುಕೊಂಡಿದ್ದ ಮನೆಯೇ ಇಲ್ಲಿ ರಿಪೇರಿ ಆಗಬೇಕಾದ ಮನೆ ಆಯ್ತು.

ಆದರೆ ನನಗೆ ಇದಕ್ಕಿಂತ ಹಿಡಿಸಿದ್ದು ಅದೇ ವರ್ಷ ಅವರು ಬರೆದ ಇನ್ನೊಂದು ಪ್ರಬಂಧ. ಉಳಿಸೋದರಲ್ಲಿ ಇಷ್ಟು ಲಾಭ ಇದ್ದರೆ ಜನ ಯಾಕೆ ಉಳಿಸಲ್ಲ? ಇದಕ್ಕೆ ಅವರು ಅಡ್ಡಿಗಳ ಒಂದು ಪಟ್ಟಿಯನ್ನೇ ಮಾಡಿದರು. ಗೊತ್ತಿಲ್ಲದವರು, ಮೊದಲ ಖರ್ಚಿಗೆ ದುಡ್ಡಿಲ್ಲದವರು, ಉದಾಸೀನರು, ಅಸಹಾಯಕರು, ಅನುಮಾನದವರು... ಕೊನೆಗೆ ದುಂದಿನ ವಾರಸುದಾರರು! ಅಂದರೆ ಬೇರೆ ಯಾರೋ ಆರಿಸಿದ ಗೀಸರ್, ಫ್ಯಾನು, ಗೋಡೆಗಳ ಜೊತೆ ಬದುಕಿ, ಅವುಗಳ ಬಿಲ್ಲನ್ನ ತಾವು ಕಟ್ಟುವವರು. ಬಾಡಿಗೆ ಮನೆಯಲ್ಲಿರೋ ನಾನು. ಬಿಲ್ಡರ್ ಕಟ್ಟಿಕೊಟ್ಟಿದ್ದನ್ನ ಕೊಂಡ ನೀವು. ಇಲ್ಲಿಂದ ಮುಂದಿನ ಕಥೆ ಪೂರ್ತಿ ಈ ವಾರಸುದಾರರದೇ.

50 ರೂಪಾಯಿಯ ರಿಯಾಯಿತಿ

1999ರಲ್ಲಿ ಕೆ.ಇ.ಬಿ. ಹೋಗಿ ಕೆ.ಪಿ.ಟಿ.ಸಿ.ಎಲ್. ಬಂತು. 2002ರಲ್ಲಿ ಬೆಸ್ಕಾಂ, ಹೆಸ್ಕಾಂ ಮುಂತಾದ ವಿತರಣಾ ಕಂಪನಿಗಳು ಬಂದವು. ನಮ್ಮೂರು ಹುಬ್ಬಳ್ಳಿಯ ಹೆಸ್ಕಾಂಗೆ. ದೆಹಲಿಯಲ್ಲಿ 2001ರ ಇಂಧನ ಸಂರಕ್ಷಣಾ ಕಾಯ್ದೆ ಬಂದು, ಅದರ ಕೆಳಗೆ 2002ರಲ್ಲಿ ಬಿ.ಇ.ಇ. ಹುಟ್ಟಿತು. ಫ್ರಿಜ್ಜಿನ ಮೇಲೆ ಸ್ಟಾರ್ ಅಂಟಿಸೋರು ಇವರೇ.

2004ರ ಕೊನೆಗೆ ಬೆಸ್ಕಾಂ ಒಂದು ಜಾಣ ಕೆಲಸ ಮಾಡಿತು. ಆಗ ಸಿ.ಎಫ್.ಎಲ್. ದೀಪ ದುಬಾರಿ. ಅದನ್ನ ಗ್ರಾಹಕರಿಗೆ ಕೊಟ್ಟು, ಬೇಕಾದವರು ದುಡ್ಡನ್ನ 9 ಕಂತುಗಳಲ್ಲಿ ಕರೆಂಟ್ ಬಿಲ್ಲಿನ ಜೊತೆಗೇ ಕಟ್ಟೋ ಹಾಗೆ ಮಾಡಿತು. ದೀಪ ಉಳಿಸೋ ದುಡ್ಡಿನಲ್ಲೇ ದೀಪದ ಸಾಲ ತೀರಬೇಕು ಅನ್ನೋ ಯೋಚನೆ. ಇಲ್ಲಿ ಮಾಲೀಕ, ಬಾಡಿಗೆದಾರ ಅನ್ನೋ ಪ್ರಶ್ನೆಯೇ ಇಲ್ಲ ಗಮನಿಸಿ. ಯಾರು ಬಿಲ್ಲು ಕಟ್ಟುತ್ತಾರೋ ಅವರಿಗೇ ದೀಪ, ಅವರಿಗೇ ಉಳಿತಾಯ. ಮನೆ ಬಿಡುವಾಗ ಬಲ್ಬು ಕಿತ್ಕೊಂಡು ಹೋದರೂ ಆಯ್ತು.

ಸೋಲಾರ್ ವಾಟರ್ ಹೀಟರ್ ಹಾಗಲ್ಲ. ಅದು ಮಾಳಿಗೆಗೆ ಅಂಟಿಕೊಂಡಿರೋ ವಸ್ತು. 2005ರಿಂದ ಕೇಂದ್ರ ಸರಕಾರ ಬ್ಯಾಂಕುಗಳ ಮೂಲಕ ಮನೆಯವರಿಗೆ ಬರೀ 2% ಬಡ್ಡಿಗೆ ಸಾಲ ಕೊಡಿಸಿತು. ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗದ ದರಪಟ್ಟಿಗಳಲ್ಲಿ ಒಂದು ರಿಯಾಯಿತಿ ಸೇರಿತು. ಸೋಲಾರ್ ಹಾಕಿಸಿ ಬಳಸೋ ಮನೆಗೆ ಯೂನಿಟ್ಟಿಗೆ 50 ಪೈಸೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ಕಡಿತ. ಅಪಾರ್ಟ್‌ಮೆಂಟುಗಳನ್ನೂ ಮರೆತಿರಲಿಲ್ಲ. ಇಡೀ ಕಟ್ಟಡಕ್ಕೆ ಒಂದೇ ದೊಡ್ಡ ಸೋಲಾರ್ ಇದ್ದರೂ, ಮನೆಗೆ ಕನಿಷ್ಠ 100 ಲೀಟರ್ ಲೆಕ್ಕದಲ್ಲಿ ಇದ್ದರೆ ಪ್ರತಿ ಮೀಟರಿಗೂ ರಿಯಾಯಿತಿ.

ಆಮೇಲೆ ಬಂತು 2007ರ ನವೆಂಬರ್ 13ರ ಸರಕಾರಿ ಆದೇಶ. ನಗರಗಳಲ್ಲಿ 1200 ಚದರಡಿ ಸೈಟಿನಲ್ಲಿ 600 ಚದರಡಿಗಿಂತ ದೊಡ್ಡ ಹೊಸ ಮನೆ ಕಟ್ಟಿದರೆ ಸೋಲಾರ್ ಕಡ್ಡಾಯ. ಅಂದರೆ 30-40 ಸೈಟಿನವರೆಲ್ಲ ಬಂದರು. ಅಪಾರ್ಟ್‌ಮೆಂಟ್, ಹೋಟೆಲು, ಆಸ್ಪತ್ರೆಗಳೂ ಬಂದವು. ಬೆಂಗಳೂರಿನ ಯಾವುದಾದರೂ ಎತ್ತರದ ಕಟ್ಟಡದಿಂದ ಕೆಳಗೆ ನೋಡಿ, ಸಾಲುಸಾಲು ಹೊಳೆಯೋ ಪ್ಯಾನೆಲ್ಲುಗಳು ಈ ಆದೇಶದ ಸಾಕ್ಷಿ. ಬೇರೆ ರಾಜ್ಯದವರು ಬಂದು ನೋಡಿ ಆಶ್ಚರ್ಯಪಡುವ ದೃಶ್ಯ ಅದು.

ಅಪ್ಪನ ಪ್ರಶ್ನೆ

ಈಗ ನಮ್ಮ ಮನೆ ಲೆಕ್ಕ ಹೇಳ್ತೀನಿ. ಊರಲ್ಲಿ ನಮ್ಮ ಮನೆ ಮೇಲೆ ಎರಡು ಪೋರ್ಶನ್ ಇವೆ, ಬಾಡಿಗೆಗೆ ಕೊಟ್ಟಿದ್ದೀವಿ. ಅವರಿಗೂ ಸೋಲಾರ್ ಹಾಕಿಸೋಣ ಅಂತ ನಾನು ಅಪ್ಪಗ ಹೇಳಿದಾಗ ಬಂದ ಉತ್ತರ ಇದು: "ಅಲ್ಲೋ ತಮ್ಮಾ, ಬಿಸಿನೀರ್ ಜಳಕಾ ಅವ್ರು ಮಾಡಾವ್ರು, ಬಿಲ್ ಉಳಿಯೂದು ಅವ್ರದು. ರೊಕ್ಕಾ ನಾ ಯಾಕ ಹಾಕ್ಲಿ?"

ಉತ್ತರ ಕೊಡೋಕೆ ಕಾಗದ-ಪೆನ್ನು ತಗೊಂಡೆ. 100 ಲೀಟರ್ ಸೋಲಾರ್ ವರ್ಷಕ್ಕೆ ಸುಮಾರು 1500 ಯೂನಿಟ್ ತನಕ ಉಳಿಸಬಹುದು ಅಂತ ಕೇಂದ್ರ ಸರಕಾರದ ಇಲಾಖೆ ಹೇಳುತ್ತೆ. ಯೂನಿಟ್ಟಿಗೆ 5 ರೂಪಾಯಿ ಅಂದುಕೊಂಡರೂ 7,500 ರೂಪಾಯಿ. ಹೀಟರಿಗೆ 20 ಸಾವಿರ ಅಂತ ಇಟ್ಕೊಳ್ಳಿ, ಮೂರು ವರ್ಷದೊಳಗೆ ಅಸಲು ವಾಪಸ್ಸು. ಇಂಥ ಬಡ್ಡಿ ಯಾವ ಬ್ಯಾಂಕೂ ಕೊಡಲ್ಲ. ಆದರೆ ವಾಪಸ್ಸು ಯಾರಿಗೆ? ಮೀಟರು ಇರೋದು ಬಾಡಿಗೆದಾರರ ಪೋರ್ಶನ್ನಿಗೆ. 7,500 ಉಳಿಯೋದು ಅವರಿಗೆ. ಸರಕಾರದ 50 ರೂಪಾಯಿ ರಿಯಾಯಿತಿ ಕೂಡ ಅದೇ ಬಿಲ್ಲಿನಲ್ಲಿ ಕಡಿತ ಆಗುತ್ತೆ, ಅದೂ ಅವರಿಗೆ. 20 ಸಾವಿರ ಹಾಕಿದವರಿಗೆ ಸೊನ್ನೆ. ಅಪ್ಪನ ಪ್ರಶ್ನೆ ಜಿಪುಣತನದ್ದಲ್ಲ, ಲೆಕ್ಕ ಸರಿಯಾಗಿಯೇ ಇದೆ. ಅರ್ಥಶಾಸ್ತ್ರದವರು ಇದನ್ನ ಮಾಲೀಕ-ಬಾಡಿಗೆದಾರ ಸಮಸ್ಯೆ ಅಂತಲೇ ಕರೀತಾರೆ.

ಬಾಡಿಗೆ ಸ್ವಲ್ಪ ಜಾಸ್ತಿ ಮಾಡಬಹುದಲ್ಲ ಅಂತ ನೀವು ಕೇಳಬಹುದು. ಬೆಂಗಳೂರಿನಲ್ಲಿ ನಡೆದೀತು. ಮಹಾಲಿಂಗಪುರದಲ್ಲಿ ಸೋಲಾರ್ ಇದೆ ಅಂತ 300 ರೂಪಾಯಿ ಹೆಚ್ಚು ಕೇಳಿದರೆ ಬಾಡಿಗೆಯವರು ಪಕ್ಕದ ಓಣಿಗೆ ಹೋಗ್ತಾರೆ, ಕಾಯಿಲ್ ಹಾಕಿ ನೀರು ಕಾಸ್ಕೋತಾರೆ.

ಇನ್ನು ಕಡ್ಡಾಯ ಮಾಡಿದ ಕಡೆ ಏನಾಯ್ತು? ಬೆಂಗಳೂರಿನಲ್ಲಿ ನಾನು ಮೊದಲು ಇದ್ದ ನಾಲ್ಕಂತಸ್ತಿನ ಕಟ್ಟಡದ ಮೇಲೆ ಸೋಲಾರ್ ಇತ್ತು. ಪೈಪು ಮಾತ್ರ ಮೇಲಿನ ಮಹಡಿಯ ಮಾಲೀಕರ ಬಚ್ಚಲಿಗೆ ಹೋಗಿತ್ತು. ಉಳಿದ ನಮಗೆಲ್ಲ ಗೀಸರ್. ಪೈಪು ಇದ್ದ ಇನ್ನೊಂದು ಕಟ್ಟಡದಲ್ಲಿ ಗೆಳೆಯನೊಬ್ಬ ಇದ್ದ. ಕೆಳಗಿನ ಮಹಡಿಗೆ ಬಿಸಿನೀರು ಬರೋ ಹೊತ್ತಿಗೆ ಎರಡು ಬಕೆಟ್ ತಣ್ಣೀರು ಹರಿದು ಹೋಗ್ತಿತ್ತು. ಕನೆಕ್ಷನ್ ಸಿಗಬೇಕು ಅನ್ನೋದಕ್ಕೆ ಹಾಕಿಸಿದ್ದಕ್ಕೂ, ಬಿಲ್ಲು ಉಳಿಯಲಿ ಅಂತ ಹಾಕಿಸಿದ್ದಕ್ಕೂ ಇರೋ ವ್ಯತ್ಯಾಸ ಇದು.

ಮಾಳಿಗೆ ಯಾರದು?

ಸ್ವಂತ ಫ್ಲಾಟ್ ಕೊಂಡರೆ ಸಮಸ್ಯೆ ಮುಗೀತಾ? ಇಲ್ಲ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಪ್ರಕಾರ ಫ್ಲಾಟು ನಿಮ್ಮದು, ಮಾಳಿಗೆ ಎಲ್ಲರ ಜಂಟಿ ಸೊತ್ತು. ಕೆಳಗಿನ ಮನೆಯವರು ಒಪ್ಪದೆ ಮೇಲಿನ ಮನೆಯವರು ಮಾಳಿಗೆಗೆ ಬಿಳಿ ಬಣ್ಣ ಹೊಡೆಸೋದೂ ಕಷ್ಟ. ಸೆಕೆ ಮಾತ್ರ ಕೊನೇ ಮಹಡಿಯವರಿಗೆ, ಖರ್ಚು ಎಲ್ಲರಿಗೆ. ಇಲ್ಲೂ ಅಪ್ಪನ ಪ್ರಶ್ನೆಯೇ, ಆದರೆ ನಲವತ್ತು ಮನೆಯವರ ಸಭೆಯಲ್ಲಿ :-)

ಸೆಕೆ ಅಂದಾಗ ನಮ್ಮ ಕಡೆಯ ಹಳೇ ಮಣ್ಣಿನ ಮಾಳಿಗೆ ಮನೆಗಳು ನೆನಪಾಗ್ತವೆ. ಕಟ್ಟಿಗೆಯ ತೊಲೆ, ಅದರ ಮೇಲೆ ಹಲಗೆ, ಅದರ ಮೇಲೆ ಒಂದಡಿ ಮಣ್ಣು. ಗಾಳಿ-ಬೆಳಕಿಗೆ ಬೆಳಕಿಂಡಿ. ಏಪ್ರಿಲ್‌ನ 40 ಡಿಗ್ರಿ ಬಿಸಿಲಲ್ಲೂ ಮಧ್ಯಾಹ್ನ ಒಳಗೆ ಮಲಗಬಹುದಿತ್ತು. ಎಂಜಿನಿಯರಿಂಗ್ ಓದಿದ ತಪ್ಪಿಗೆ ಒಂದು ಸಲ ಲೆಕ್ಕ ಹಾಕಿದೆ. ಆರಿಂಚಿನ ಬರೀ ಆರ್‌ಸಿಸಿ ಸ್ಲ್ಯಾಬ್ ಒಂದು ಚದರ ಮೀಟರಿಗೆ, ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸಕ್ಕೆ, 3 ವ್ಯಾಟ್‌ಗಿಂತ ಹೆಚ್ಚು ಶಾಖ ಒಳಗೆ ಬಿಡುತ್ತೆ. ಒಂದಡಿ ಮಣ್ಣಿನ ಮಾಳಿಗೆ ಒಂದೂವರೆ ವ್ಯಾಟ್ ಆಸುಪಾಸು. ಅರ್ಧಕ್ಕೆ ಅರ್ಧ!

ಸರಕಾರ ಈ ವಿಷಯಕ್ಕೆ ಬಂದಿದ್ದು 2018ರ ಡಿಸೆಂಬರಿನಲ್ಲಿ, ವಾಸದ ಕಟ್ಟಡಗಳಿಗೆ 'ಇಕೋ ನಿವಾಸ್ ಸಂಹಿತಾ' ಅನ್ನೋ ನಿಯಮಾವಳಿ ತಂದಾಗ. ಅದರ ಪ್ರಕಾರ ಮಾಳಿಗೆಯ ಈ ಅಂಕಿ 1.2 ಮೀರಬಾರದು. ಮಣ್ಣಿನ ಮಾಳಿಗೆ ಹತ್ತಿರ ಹತ್ತಿರ ಪಾಸು, ಸ್ಲ್ಯಾಬು ಪೂರ್ತಿ ನಪಾಸು. ಆದರೆ ಇದು 500 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ಜಾಗದ ಕಟ್ಟಡಗಳಿಗೆ, ಅದೂ ರಾಜ್ಯಗಳು ತಮ್ಮ ನಿಯಮದಲ್ಲಿ ಸೇರಿಸಿಕೊಂಡಾಗ. ನಮ್ಮೂರಿನಂಥ ಊರಲ್ಲಿ ಏಳ್ತಾ ಇರೋ ಸ್ಲ್ಯಾಬುಗಳಿಗೆ ಇದು ಸಂಬಂಧವೇ ಇಲ್ಲ. ಒಳ್ಳೇ ಮಾಳಿಗೆ ಹಾಕಿಸಿದ ಮಾಲೀಕರಿಗೆ ರಿಯಾಯಿತಿಯೂ ಇಲ್ಲ.

ಈ ನಡುವೆ 2013ರಲ್ಲಿ ಮಾಳಿಗೆ ಮೇಲೆ ಕರೆಂಟ್ ತಯಾರಿಸಿದರೆ ಯೂನಿಟ್ಟಿಗೆ 9 ರೂಪಾಯಿ 56 ಪೈಸೆ ಅಂತ ಆಯೋಗ ದರ ಗೊತ್ತು ಮಾಡಿತ್ತು, ಸಬ್ಸಿಡಿ ತಗೊಂಡವರಿಗೆ 7 ರೂಪಾಯಿ 20 ಪೈಸೆ. ಮಾಳಿಗೆ ಇದ್ದವರಿಗೆ ಅದು ಸುಗ್ಗಿ. 2015ರ ಡಿಸೆಂಬರಿನಲ್ಲಿ 'ಹೊಸ ಬೆಳಕು' ಹೆಸರಲ್ಲಿ ಎಲ್‌ಇಡಿ ಬಲ್ಬುಗಳು 100 ರೂಪಾಯಿಗೆ ಬಂದವು. ಬಲ್ಬು ಮತ್ತೆ ಮನೆಮನೆಗೂ ಮುಟ್ಟಿತು, ಬಾಡಿಗೆಯವರಿಗೂ. ಕಾರಣ ಅದೇ, ಬಲ್ಬನ್ನ ಕಿತ್ಕೊಂಡು ಹೋಗಬಹುದು, ಮಾಳಿಗೆಯನ್ನ ಆಗಲ್ಲ.

ಉಳಿಸಿದವರಿಗೆ ಕಡಿಮೆ

2023ರ ಆಗಸ್ಟಿನಲ್ಲಿ ಗೃಹಜ್ಯೋತಿ ಬಂತು. ಇದನ್ನ ಬಯ್ಯೋಕೆ ನಾನು ಬಂದಿಲ್ಲ. ರಬಕವಿ, ಬನಹಟ್ಟಿಯ ನೇಕಾರರ ಮನೆಗೆ ತಿಂಗಳಿಗೆ ನಾನೂರು-ಐನೂರು ಉಳಿದರೆ ಅದು ಸಣ್ಣ ಮಾತಲ್ಲ. ಬಾಡಿಗೆದಾರರನ್ನೂ ಆರ್.ಆರ್. ನಂಬರಿನ ಜೊತೆ ಸೇರಿಸಿಕೊಂಡಿದ್ದು ದೊಡ್ಡ ಕೆಲಸ. ಮಾಳಿಗೆ ಇಲ್ಲದವರ ಹೆಸರು ಇಷ್ಟು ದೊಡ್ಡ ಪ್ರಮಾಣದಲ್ಲಿ ಪಟ್ಟಿಗೆ ಬಂದಿದ್ದು ಇದರಲ್ಲೇ.

ನನ್ನ ತಕರಾರು ಸೂತ್ರದ ಬಗ್ಗೆ. ಯೋಜನೆ ಶುರುವಾದಾಗ 2022-23ರಲ್ಲಿ ನೀವು ತಿಂಗಳಿಗೆ ಸರಾಸರಿ ಎಷ್ಟು ಬಳಸಿದ್ದಿರೋ ಅದಕ್ಕೆ 10% ಸೇರಿಸಿ, 200 ಯೂನಿಟ್ ಒಳಗೆ, ಅಷ್ಟು ಉಚಿತ ಅಂತ ಮಾಡಿದರು. ಎರಡು ಮನೆ ತಗೊಳ್ಳಿ. ಒಂದರಲ್ಲಿ ಸೋಲಾರ್, ಎಲ್‌ಇಡಿ, ತಿಂಗಳಿಗೆ 60 ಯೂನಿಟ್. ಪಕ್ಕದ ಮನೆಯಲ್ಲಿ ಗೀಸರ್, 170 ಯೂನಿಟ್. ಮೊದಲನೆಯವರಿಗೆ 66 ಉಚಿತ, ಎರಡನೆಯವರಿಗೆ 187. ಬೇಸಿಗೆಯಲ್ಲಿ ಮೊಮ್ಮಕ್ಕಳು ಬಂದು ಮೊದಲ ಮನೆ 90 ಯೂನಿಟ್ ಸುಟ್ಟರೆ 24 ಯೂನಿಟ್ಟಿಗೆ ದುಡ್ಡು ಕಟ್ಟಬೇಕು. ಪಕ್ಕದವರು 180 ಸುಟ್ಟರೂ ಬಿಲ್ಲು ಸೊನ್ನೆ. ಇಪ್ಪತ್ತು ವರ್ಷ 50 ರೂಪಾಯಿಯ ಆಸೆ ತೋರಿಸಿ ಉಳಿಸೋದನ್ನ ಕಲಿಸಿದ ವ್ಯವಸ್ಥೆಯೇ, ಉಳಿಸಿದವರಿಗೆ ಕಡಿಮೆ ಅಳೆದು ಕೊಟ್ಟಿತು. ಅಷ್ಟೇ ಅಲ್ಲ, ಬಿಲ್ಲೇ ಸೊನ್ನೆ ಬರೋ ಬಾಡಿಗೆದಾರರು ಸೋಲಾರ್ ಬೇಕು ಅಂತ ಮಾಲೀಕರನ್ನ ಯಾಕೆ ಕೇಳ್ತಾರೆ? ಇದ್ದ ಒಂದು ಒತ್ತಾಯವೂ ಹೋಯ್ತು.

2024ರ ಫೆಬ್ರವರಿಯಲ್ಲಿ ಕೇಂದ್ರದ ಪಿ.ಎಂ. ಸೂರ್ಯ ಘರ್ ಬಂತು. ಸ್ವಂತ ಮಾಳಿಗೆ ಇರೋ ಮನೆಗೆ 3 ಕಿಲೋವ್ಯಾಟ್ ತನಕ 78,000 ರೂಪಾಯಿ ಸಬ್ಸಿಡಿ. ಅಪಾರ್ಟ್‌ಮೆಂಟ್ ಸಂಘಗಳಿಗೆ ಕಿಲೋವ್ಯಾಟಿಗೆ 18,000, ಅದೂ ಲಿಫ್ಟು, ಪಂಪು, ಮೆಟ್ಟಿಲ ದೀಪದಂಥ ಜಂಟಿ ಬಳಕೆಗೆ. ಸಂಘದ ಸಭೆಗಳಲ್ಲಿ ಜಗಳ ಇಲ್ಲದೆ ಪಾಸಾಗಬಹುದಾದ ಯೋಜನೆ ಇದು, ಯಾಕೆಂದರೆ ಖರ್ಚೂ ಎಲ್ಲರದು, ಉಳಿತಾಯವೂ ಎಲ್ಲರದು. ಬಾಡಿಗೆ ಪೋರ್ಶನ್ನಿನವರು ಮಾತ್ರ ಮತ್ತೆ ಹೊರಗೆ.

ಬೇರೆಯವರು ಏನು ಮಾಡಿದರು

ಜರ್ಮನಿಯಲ್ಲಿ ಅರ್ಧದಷ್ಟು ಜನ ಬಾಡಿಗೆ ಮನೆಯಲ್ಲಿ ಇರೋದರಿಂದ ಅವರು ಇದರ ಬಗ್ಗೆ ಬಹಳ ತಲೆ ಕೆಡಿಸಿಕೊಂಡಿದ್ದಾರೆ. ಹಳೇ ಕಟ್ಟಡದ ಗೋಡೆ-ಮಾಳಿಗೆ ಸುಧಾರಿಸೋಕೆ ಸರಕಾರಿ ಬ್ಯಾಂಕಿನಿಂದ ಕಡಿಮೆ ಬಡ್ಡಿ ಸಾಲ ಇದೆ. ಮಾಲೀಕರು ಹಾಕಿದ ಖರ್ಚಿನಲ್ಲಿ ವರ್ಷಕ್ಕೆ ಇಷ್ಟು ಪಾಲನ್ನ ಬಾಡಿಗೆಗೆ ಸೇರಿಸಬಹುದು ಅಂತ ಕಾನೂನೇ ಇದೆ. ಅದು ಮೊದಲು 11% ಇತ್ತು, ಬಾಡಿಗೆದಾರರ ಕೂಗಿಗೆ 2019ರಿಂದ 8% ಆಯ್ತು. 2023ರಿಂದ ಮನೆ ಬೆಚ್ಚಗಿಡೋ ಇಂಧನದ ಮೇಲಿನ ಇಂಗಾಲದ ಶುಲ್ಕವನ್ನ ಇಬ್ಬರಿಗೂ ಹಂಚಿದರು. ಕಟ್ಟಡ ಕೆಟ್ಟದಾಗಿದ್ದಷ್ಟೂ ಮಾಲೀಕರ ಪಾಲು ಜಾಸ್ತಿ. ಬ್ರಿಟನ್ ಮಾತ್ರ 2013ರಲ್ಲಿ ಬಿಲ್ಲಿನ ಮೇಲೇ ಸಾಲ ಕೊಡೋ ಯೋಜನೆ ತಂದು 2015ಕ್ಕೆ ಕೈಬಿಟ್ಟಿತು. ಬಡ್ಡಿ ಹೆಚ್ಚು, ಕಾಗದಪತ್ರ ಹೆಚ್ಚು, ಜನ ಬರಲಿಲ್ಲ.

ಅಷ್ಟು ದೂರ ಯಾಕೆ, ಪುಣೆ ಪಕ್ಕದ ಪಿಂಪ್ರಿ-ಚಿಂಚವಾಡ ಪಾಲಿಕೆ 'ಗೃಹ' ರೇಟಿಂಗ್ ಪಡೆದ ಕಟ್ಟಡದ ಬಿಲ್ಡರಿಗೆ ಶುಲ್ಕದಲ್ಲಿ, ಅಲ್ಲಿ ಫ್ಲಾಟ್ ಕೊಂಡವರಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಇಟ್ಟಿತು. ಕಟ್ಟುವವರಿಗೂ ಕೊಳ್ಳುವವರಿಗೂ ಪಾಲು.

ಈ ಇತಿಹಾಸ ಓದಿದ ಮೇಲೆ ನನಗೆ ಅನಿಸಿದ್ದು ಇಷ್ಟು. ನಮ್ಮಲ್ಲಿ ದುಡ್ಡು ಯಾವಾಗಲೂ ಒಂದು ಕಡೆಯೇ ಹೋಗಿದೆ. ಮಾಳಿಗೆಯ ಕಡೆ ಹೋದಾಗ ಮಾಲೀಕರಿಗೆ, ಮೀಟರಿನ ಕಡೆ ಹೋದಾಗ ಬಾಡಿಗೆದಾರರಿಗೆ. ಇಬ್ಬರನ್ನೂ ಒಂದೇ ಲೆಕ್ಕದಲ್ಲಿ ಕೂರಿಸಿದ್ದು ಅಪರೂಪ. ಅದಕ್ಕೆ ಹೊಸದೇನೂ ಕಂಡುಹಿಡಿಯಬೇಕಿಲ್ಲ. 2004ರ ಬಲ್ಬಿನ ಕಂತಿನ ಹಾಗೇ ಸೋಲಾರ್ ಹೀಟರಿನ ಕಂತನ್ನೂ ಆರ್.ಆರ್. ನಂಬರಿಗೆ ಕಟ್ಟಬಹುದು. ಬಾಡಿಗೆಯವರು ಬದಲಾದರೂ ಕಂತು ಮೀಟರಿನ ಜೊತೆ ಉಳಿಯುತ್ತೆ, ಹೀಟರು ಮಾಳಿಗೆ ಮೇಲೆ ಉಳಿಯುತ್ತೆ. ಮಾಲೀಕರಿಗೆ 50 ರೂಪಾಯಿ ಬದಲು ಪುರಸಭೆಯ ಮನೆ ತೆರಿಗೆಯಲ್ಲಿ ನಾಲ್ಕು ಕಾಸು ಬಿಟ್ಟರೆ ಅವರೇ ಮುಂದೆ ಬಂದಾರು. ಗೃಹಜ್ಯೋತಿಯಲ್ಲಿ ಉಚಿತ ಪಾಲಿಗಿಂತ ಕಡಿಮೆ ಬಳಸಿದವರ ಉಳಿಕೆಯನ್ನ ಮುಂದಿನ ಬೇಸಿಗೆಗೆ ಜಮಾ ಮಾಡಿದರೂ ಉಳಿಸೋ ಬುದ್ಧಿಗೆ ಬೆಲೆ ಬರುತ್ತೆ.

ನಿಮ್ಮಲ್ಲಿ ಮನೆ ಬಾಡಿಗೆಗೆ ಕೊಟ್ಟವರೂ ಇದ್ದೀರಿ, ಬಾಡಿಗೆಗೆ ಇದ್ದವರೂ ಇದ್ದೀರಿ. ಸೋಲಾರ್ ಖರ್ಚನ್ನ ಮಾಲೀಕರೂ ಬಾಡಿಗೆದಾರರೂ ಹಂಚಿಕೊಂಡ ಉದಾಹರಣೆ ಯಾರಿಗಾದರೂ ಗೊತ್ತಿದ್ದರೆ, ಹೇಗೆ ಹಂಚಿಕೊಂಡರು ಅಂತ ಕಾಮೆಂಟಿನಲ್ಲಿ ಬರೀರಿ. ಹಾಗೇ ಮನೆಯಲ್ಲಿ ಎ.ಇ.ಎಚ್. ಕಾಲದ ಹಳೇ ಬಿಲ್ಲು ಸಿಕ್ಕರೆ ದಯವಿಟ್ಟು ಎಸೀಬೇಡಿ, ಒಂದು ಫೋಟೋ ತೆಗೆದು ಹಾಕಿ. ಯೂನಿಟ್ಟಿಗೆ ಎಷ್ಟು ಪೈಸೆ ಇತ್ತು ಅಂತ ಎಲ್ಲರೂ ನೋಡೋಣ.